ಒಕ್ಕಲಿಗನ ಮುಪ್ಪು ಮತ್ತು ಅವನ ಜೀವನಾಧಾರ

ಸರಕಾರಿ ನೌಕರನಿಗೆ ನಿವೃತ್ತಿಯ ದಿನವು ಮೊದಲೇ ಗೊತ್ತಿರುತ್ತದೆ. ಒಕ್ಕಲುತನ ಮಾಡುವವನಿಗೆ ಅಂಥ ದಿನವು ಯಾವ ಕಾಗದದಲ್ಲಿಯೂ ಬರೆದಿರುವುದಿಲ್ಲ. ತೆಂಗಿನ ಮರವನ್ನೇರಲು ಮೊಳಕಾಲು ಒಪ್ಪದ ವರ್ಷ, ನಾಟಿಗೆಂದು ಬಗ್ಗಿದ ಬೆನ್ನು ಮರಳಿ ನೆಟ್ಟಗಾಗದ ಮಳೆಗಾಲ, ಇವೇ ಅವನ ನಿವೃತ್ತಿಯ ಆಜ್ಞಾಪತ್ರಗಳು. ಆ ಬಳಿಕ ಅವನು ಹತ್ತು, ಹದಿನೈದು, ಒಮ್ಮೊಮ್ಮೆ ಇಪ್ಪತ್ತೈದು ವರ್ಷಗಳವರೆಗೆ ಉಣ್ಣಬೇಕು, ಉಡಬೇಕು, ಔಷಧ ಕೊಳ್ಳಬೇಕು. ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಒಂದೇ ಊರಿನ, ಒಂದೇ ಪ್ರಾಯದ ಇಬ್ಬರು ವೃದ್ಧರಲ್ಲಿ ಒಬ್ಬನು ಸ್ವಸ್ಥನಾಗಿ ಮನೆಯ ಜಗಲಿಯಲ್ಲಿ ಕುಳಿತಿರುವುದನ್ನೂ ಇನ್ನೊಬ್ಬನು ಎಲೆಯಡಿಕೆಗೆ ಸಹ ಮಗನ ಕೈಯನ್ನು ನೋಡುತ್ತಿರುವುದನ್ನೂ ಕಾಣಬಹುದು. ಮೊದಲನೆಯವನು ತನ್ನ ಸುಖಕ್ಕೆ ತನ್ನ ಬುದ್ಧಿಯೇ ಕಾರಣವೆಂದು ಹೇಳುವನು. ಎರಡನೆಯವನು ತನ್ನ ಕಷ್ಟಕ್ಕೆ ಹಣೆಬರಹವನ್ನು ದೂರುವನು. ಈ ಇಬ್ಬರ ಹೇಳಿಕೆಗಳನ್ನೂ ಹಾಗೆಯೇ ಒಪ್ಪತಕ್ಕದ್ದಲ್ಲ. ಇಲ್ಲಿಯ ಭೂಮಿಗಳು ಯಾವ ರೀತಿಯಿಂದ ಒಕ್ಕಲಿಗರ ಕೈಸೇರಿದವು, ಯಾವ ರೀತಿಯಿಂದ ಕೈಬಿಟ್ಟವು ಎಂಬುದನ್ನು ನೋಡಿದರೆ ವಿಷಯವು ಹೆಚ್ಚು ಸ್ಪಷ್ಟವಾಗುವುದು.

1930ನೆಯ ಇಸವಿಯ ಎಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಅದರ ಬೆನ್ನಿಗೇ ಕರನಿರಾಕರಣೆಯ ಚಳವಳಿಯು ಈ ತಾಲೂಕಿನಲ್ಲಿ ಬಲವಾಗಿ ನಡೆದು, ತೀರ್ವೆ ಕೊಡಲೊಲ್ಲದ ಒಕ್ಕಲಿಗರ ಭೂಮಿಗಳು ಜಪ್ತಾದವು. ಕೇವಲ ಸಂಸಾರದ ಲೆಕ್ಕದಿಂದ ನೋಡಿದರೆ, ಮುಪ್ಪಿನ ಆಧಾರವನ್ನು ಕೈಯಾರೆ ಕಳೆದುಕೊಳ್ಳುವ ಇದಕ್ಕಿಂತ ದೊಡ್ಡ ನಿರ್ಧಾರವು ಮತ್ತೊಂದಿಲ್ಲ. ಆದರೆ 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದು, ಜಪ್ತಾದ ಭೂಮಿಗಳನ್ನು ಹಿಂದಿರುಗಿಸುವ ಸಲುವಾಗಿ 1938ರಲ್ಲಿ ಕಾಯಿದೆಯನ್ನು ಮಾಡಿತು. ಇನ್ನೂ ಮುಂದೆ, 1972ರ ಆಗಸ್ಟ್ 15ರಂದು ಕೇಂದ್ರ ಸರಕಾರವು ಸ್ವಾತಂತ್ರ್ಯಯೋಧರಿಗೆ ಮಾಸಾಶನವನ್ನು ಆರಂಭಿಸಿತು. ಚಳವಳಿಯ ಕಾಲಕ್ಕೆ ಮೂವತ್ತರ ಪ್ರಾಯದವನಾಗಿದ್ದವನು ಅಷ್ಟರಲ್ಲಿ ಎಪ್ಪತ್ತನ್ನು ಮುಟ್ಟಿದ್ದನು. ಮಾಸಾಶನವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಭೂಮಿಯನ್ನು ಕಳೆದುಕೊಂಡಿರಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಅವರು ಮಾಡಿದ್ದು ಸ್ವಂತ ಆಯ್ಕೆ, ನಿಜ. ಆದರೆ ಆ ಆಯ್ಕೆಯ ಫಲವು ಎಷ್ಟು, ಯಾವಾಗ ಎಂಬುದನ್ನು ಗೊತ್ತುಮಾಡಿದ್ದು ಅವರ ಅಂಕೆಯಲ್ಲಿಲ್ಲದ ರಾಜಕಾರಣ.

ಗೇಣಿ ಒಕ್ಕಲುಗಳ ಸ್ಥಿತಿಯು ಬೇರೆ. ಈ ಕರಾವಳಿಯಲ್ಲಿ ತಲೆತಲಾಂತರದಿಂದ ಅನ್ಯರ ಭೂಮಿಯನ್ನು ಗೇಣಿಗೆ ಮಾಡಿದವರು ಅಸಂಖ್ಯ. ದಿನಕರ ದೇಸಾಯಿಯವರು ಅಂಕೋಲೆಯ ಭಾಗದಲ್ಲಿ ಇಂಥವರನ್ನು ಸಂಘಟಿಸಿದ ಸಂಗತಿಯು ಪ್ರಸಿದ್ಧವಾಗಿದೆ. ಗೇಣಿ ಅಳೆದು ಉಳಿದ ಭತ್ತವು ಮುಂದಿನ ಬೆಳೆಯವರೆಗೆ ಸಾಲದಿರುವಾಗ ಅಂಥವನಿಗೆ ಮಿತವ್ಯಯದ ಉಪದೇಶವು ಬರಿಯ ಹಾಸ್ಯವೇ ಸರಿ. ಬರಿದಾದ ಕಣಜದಲ್ಲಿ ಏನನ್ನು ಉಳಿಸುವುದು? 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು, ಗೇಣಿಗೆ ಕೊಟ್ಟ ಭೂಮಿಗಳನ್ನು ಸರಕಾರದಲ್ಲಿ ನಿಹಿತಗೊಳಿಸಿ, ಉಳುವವನಿಗೆ ಅಧಿಭೋಗದ ಹಕ್ಕನ್ನು ಕೇಳಿಕೊಳ್ಳುವ ದಾರಿಯನ್ನು ತೆರೆಯಿತು. ಆದರೆ ಹಕ್ಕು ತಾನಾಗಿ ಮನೆಗೆ ಬರಲಿಲ್ಲ. ನಮೂನೆ 7ರಲ್ಲಿ ಭೂನ್ಯಾಯಮಂಡಲಿಗೆ ಅರ್ಜಿ ಕೊಡಬೇಕಾಗಿತ್ತು. ಅದರ ಗಡುವು ವಿಸ್ತರಣೆಗೊಂಡು ಕೊನೆಗೆ 1979ರ ಜೂನ್ 30ಕ್ಕೆ ಮುಗಿಯಿತು. ಧಣಿಯ ಮುಲಾಜಿಗೆ ಒಳಗಾಗಿ ಅರ್ಜಿ ಕೊಡದವನೂ, ಗೇಣಿಯ ಚೀಟಿಯನ್ನು ಕಾದಿಡದವನೂ ಹಿಂದುಳಿದನು. ಅರ್ಜಿ ಕೊಟ್ಟವನು ಭೂಮಿಗೆ ಒಡೆಯನಾದನು. ಇಬ್ಬರೂ ಒಂದೇ ಸಮನಾಗಿ ದುಡಿದವರು, ಒಂದೇ ಸಮನಾಗಿ ಮಿತವ್ಯಯಿಗಳು. ಅಂತರವನ್ನುಂಟುಮಾಡಿದ್ದು ಒಂದು ಕಾಗದ. ಆದರೂ ಆ ಕಾಗದವನ್ನು ಬರೆಯುವ ಅವಕಾಶವು 1974ರ ಮುಂಚೆಯೇ ಮುದುಕರಾಗಿ ತೀರಿಕೊಂಡವರಿಗೆ ಇರಲೇ ಇಲ್ಲವೆಂಬುದನ್ನು ಮರೆಯಲಾಗದು.

ಇದೇ ಮಾತು ಭೂಸ್ವಾಧೀನದಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಕಾಣುವುದು. 1986ರ ಅಕ್ಟೋಬರ್ 24ರಂದು ಕಾರವಾರದ ಬಳಿ ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಕಾರವಾರ ಅಂಕೋಲೆಗಳ ಕಡಲಂಚಿನ ಗ್ರಾಮಗಳಿಂದ ಸಹಸ್ರಾರು ಕುಟುಂಬಗಳು ಗದ್ದೆ, ತೋಟ, ಮನೆಗಳನ್ನು ಬಿಟ್ಟು ಹೊರಟವು. 2005ರ ಮೇ 31ರಂದು ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. ಫಲ ಕೊಡುವ ತೆಂಗಿನ ತೋಟವೆಂದರೆ ಕರಾವಳಿಯ ಒಕ್ಕಲಿಗನಿಗೆ ಅದೇ ನಿವೃತ್ತಿವೇತನ. ಅದನ್ನು ಚೆನ್ನಾಗಿ ಬೆಳೆಸಿದ್ದವನ ಜಾಣತನವು ಆ ತೋಟವನ್ನು ಉಳಿಸಲಿಲ್ಲ. ಉಳಿದದ್ದು ಪರಿಹಾರದ ಹಣ ಮಾತ್ರ. ಅದರ ಮೊತ್ತಕ್ಕಾಗಿ ವ್ಯಾಜ್ಯಗಳು ದಶಕಗಳವರೆಗೆ ನಡೆದವು.

ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯ ಒಂದೆರಡು ಕಲಮುಗಳನ್ನು ಇಲ್ಲಿ ವಿವರಿಸುವುದು ಅವಶ್ಯ. ಅಧಿಕಾರಿಯು ಗೊತ್ತುಮಾಡಿದ ಮೊತ್ತವು ಕಡಿಮೆಯೆನಿಸಿದರೆ, ಭೂಮಿಯ ಒಡೆಯನು ತೀರ್ಪಿನ ನೋಟೀಸು ತಲುಪಿದ ತೊಂಬತ್ತು ದಿನಗಳೊಳಗೆ, ಕರ್ನಾಟಕಕ್ಕೆ ಅನ್ವಯಿಸುತ್ತಿದ್ದ 18ನೆಯ ಕಲಮಿನಂತೆ ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸಲು ಅರ್ಜಿ ಕೊಡಬೇಕಾಗಿತ್ತು. ಹಣವನ್ನು ಪಡೆಯುವಾಗ ಆಕ್ಷೇಪಣೆಯನ್ನು ಕಾದಿರಿಸಿ ಪಡೆಯಬೇಕಾಗಿತ್ತು. ಹಾಗಲ್ಲದೆ ಸುಮ್ಮನೆ ಸಹಿ ಮಾಡಿದವನು ಆ ಅರ್ಜಿಯ ಹಕ್ಕನ್ನು ಕಳೆದುಕೊಳ್ಳುತ್ತಿದ್ದನು. ನ್ಯಾಯಾಲಯವು ಮೊತ್ತವನ್ನು ಹೆಚ್ಚಿಸಿದರೆ ಹೆಚ್ಚಿದ ಹಣಕ್ಕೆ ಮೊದಲನೆಯ ವರ್ಷ ಶೇಕಡಾ 9, ಅನಂತರ ಶೇಕಡಾ 15ರಂತೆ ಬಡ್ಡಿಯು ಸೇರುವ ಏರ್ಪಾಡಿತ್ತು. 1984ರ ತಿದ್ದುಪಡಿಯಿಂದ ಸೇರಿದ 28ಎ ಕಲಮು ಅರ್ಜಿ ಕೊಡದೆ ಉಳಿದವನಿಗೂ ಒಂದು ಬಾಗಿಲನ್ನು ತೆರೆದಿತ್ತು: ಅದೇ ಪ್ರಕಟಣೆಯಲ್ಲಿ ಸೇರಿದ ನೆರೆಯವನ ಭೂಮಿಗೆ ನ್ಯಾಯಾಲಯವು ಹೆಚ್ಚು ಪರಿಹಾರವನ್ನು ವಿಧಿಸಿದರೆ, ಆ ದಿನದಿಂದ ಮೂರು ತಿಂಗಳೊಳಗೆ ತಾನೂ ಅದೇ ದರವನ್ನು ಕೇಳಬಹುದಾಗಿತ್ತು. ಹೀಗೆ ಎರಡು ಮಾತುಗಳ ಒಂದು ಷರಾ, ಮೂರು ತಿಂಗಳ ಒಂದು ಅವಧಿ, ಇವುಗಳ ಮೇಲೆ ಎಷ್ಟೋ ಮನೆಗಳ ಮುಂದಿನ ಸ್ಥಿತಿಯು ನಿಂತಿತು. ಆದರೆ ಹಣವು ಬಂದಾಗ ಅದನ್ನು ಪಡೆಯಬೇಕಾದವರಲ್ಲಿ ಅನೇಕರು ಬದುಕಿರಲಿಲ್ಲ. ಅವರ ಮುಪ್ಪು ಕಾಯುವುದರಲ್ಲಿಯೇ ಕಳೆದುಹೋಗಿತ್ತು. ಇದನ್ನು ಅವರ ಆಯ್ಕೆಯ ದೋಷವೆನ್ನುವುದು ಅನ್ಯಾಯ. 2014ರ ಜನವರಿ 1ರಿಂದ ಆ ಹಳೆಯ ಕಾಯಿದೆಯು ಹೋಗಿ ಹೊಸದು ಬಂದಿರುವುದಾದರೂ, ನೋಟೀಸು ಬಂದ ದಿನವನ್ನು ಬರೆದಿಟ್ಟುಕೊಳ್ಳುವ ಅವಶ್ಯಕತೆಯು ಹೋಗಿಲ್ಲ.

ಆದುದರಿಂದ ಮುಪ್ಪಿನ ಸೌಖ್ಯವು ಎಷ್ಟಿರಬಹುದೆಂಬ ಎಲ್ಲೆಯನ್ನು ಬಹುಮಟ್ಟಿಗೆ ಪರಿಸ್ಥಿತಿಯೇ ಹಾಕುವುದೆಂದು ಒಪ್ಪಬೇಕು. ಮನುಷ್ಯನ ಆಯ್ಕೆಗೆ ಬೆಲೆಯಿರುವುದು ಪರಿಸ್ಥಿತಿಯು ಅಲ್ಪಕಾಲ ತೆರೆದಿಡುವ ಬಾಗಿಲುಗಳಲ್ಲಿ. ಅವುಗಳಿಗೆ ಸಾಮಾನ್ಯವಾಗಿ ಒಂದು ತಾರೀಖು ಇರುತ್ತದೆ. ದಿನವೂ ಒಂದು ಕಾಸನ್ನು ಉಳಿಸುವವನಿಗಿಂತ ಆ ತಾರೀಖನ್ನು ತಪ್ಪಿಸದವನೇ ಹೆಚ್ಚು ಲಾಭ ಪಡೆದಿರುವುದು ಮೇಲಿನ ಸಂಗತಿಗಳಿಂದ ತೋರುವುದು.

ಇನ್ನು ಒಬ್ಬನ ಆಯ್ಕೆಯೂ ಅಲ್ಲದ, ವಿಧಿಯೂ ಅಲ್ಲದ ಒಂದು ಮೂರನೆಯ ಬಗೆಯುಂಟು. ಗಂಗಾವಳಿ, ಕಾಳಿ ನದಿಗಳ ಅಳಿವೆಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವ ರೂಢಿಯು ಹಳೆಯದು. ಮಳೆಯ ನೀರು ಉಪ್ಪನ್ನು ತೊಳೆದ ಮೇಲೆ ಬಿತ್ತಿದರೆ ಗೊಬ್ಬರವಿಲ್ಲದೆಯೂ ಬರುವ ಈ ಬೆಳೆಯು ಖರ್ಚು ಮಾಡಲಾರದ ವೃದ್ಧನಿಗೆ ಅನುಕೂಲವಾದುದೇ. ಆದರೆ ಗಜನಿಯ ಒಡ್ಡು ಒಬ್ಬನದಲ್ಲ. ನೂರು ಮಂದಿಯ ಗದ್ದೆಗಳನ್ನು ಕಾಯುವ ಒಡ್ಡಿನಲ್ಲಿ ಒಂದು ಕಡೆ ಏಡಿಯ ಬಿಲ ದೊಡ್ಡದಾಗಿ ಒಡಕು ಬಿದ್ದರೆ, ತನ್ನ ಪಾಲಿನ ಒಡ್ಡನ್ನು ಭದ್ರವಾಗಿಟ್ಟವನ ಗದ್ದೆಯೂ ಭರತದ ನೀರಿಗೆ ಹಾಳಾಗುವುದು. ಅಲ್ಲಿ ಜಾಣನಾದ ಒಬ್ಬನಿಗಿಂತ ಕೂಡಿ ನಡೆಯುವ ಹತ್ತು ಮಂದಿ ಮೇಲು. ಒಡ್ಡಿನ ದುರಸ್ತಿಗೆ ಹೋಗಲಾರದ ಮುದುಕರ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಳ್ಳುವ ಕಟ್ಟು ಇರುವ ಗ್ರಾಮದಲ್ಲಿ ಭೂಮಿಯು ಪಡ ಬೀಳುವುದಿಲ್ಲ.

ಈಗ ಒಕ್ಕಲಿಗನ ಕೈಯಲ್ಲಿಯೇ ಇರುವ ವಿಷಯವಾದ ಮರಗಳನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪಶ್ಚಿಮ ಕರಾವಳಿಯ ಎತ್ತರದ ಜಾತಿಯ ತೆಂಗನ್ನು ಏಳೂವರೆ ಮೀಟರು ಅಂತರದಲ್ಲಿ ನೆಟ್ಟರೆ ಹತ್ತು ಗುಂಟೆಗೆ ಸುಮಾರು 18 ಮರಗಳು ಹಿಡಿಯುವವು. ಆರೇಳು ವರ್ಷಕ್ಕೆ ಫಲಕ್ಕೆ ಬಂದು ಅರುವತ್ತು ವರ್ಷ ಮೀರಿ ಬಾಳುವ ಈ ಮರವನ್ನು ಮೂವತ್ತರ ಪ್ರಾಯದಲ್ಲಿ ನೆಡತಕ್ಕದ್ದು. ಚೆನ್ನಾಗಿ ನೋಡಿಕೊಂಡ ಮರಕ್ಕೆ ವರ್ಷಕ್ಕೆ 80 ಕಾಯಿಯೆಂದು ಹಿಡಿದರೆ ಒಟ್ಟು 1,440 ಕಾಯಿ. ಲೆಕ್ಕದ ಸಲುವಾಗಿ ಕಾಯಿಗೆ 15 ರೂಪಾಯಿಯೆಂದು ಎಣಿಸಿದರೆ 21,600 ರೂಪಾಯಿ. ತಾನೇ ಮರವೇರುವ ಕಾಲದಲ್ಲಿ ಇದು ಬಹುಮಟ್ಟಿಗೆ ಕೈಗೆ ಬರುವುದು. ಮುಪ್ಪಿನಲ್ಲಿ ಹಾಗಲ್ಲ. ವರ್ಷಕ್ಕೆ ಎಂಟು ಸಲ, ಮರಕ್ಕೆ 50 ರೂಪಾಯಿಯಂತೆ ಕೊಯಿಲಿನ ಕೂಲಿ ಕೊಟ್ಟರೆ 7,200 ರೂಪಾಯಿ ಹೋಗಿ 14,400 ಉಳಿಯುವುದು. ಕಾಯಿಯ ಬೆಲೆಯು ಅರ್ಧಕ್ಕೆ ಇಳಿದರೆ ಕೂಲಿಯು ಅರ್ಧಕ್ಕೆ ಇಳಿಯದಾದ್ದರಿಂದ ಉಳಿಯುವುದು 3,600 ಮಾತ್ರ. ಬೆಲೆಯು ಅರ್ಧವಾದಾಗ ಆದಾಯವು ಕಾಲುಭಾಗವಾಯಿತು! ಈ ಕಾರಣದಿಂದ ಐವತ್ತರ ಹತ್ತಿರ ಬಂದವನು ಹೊಸದಾಗಿ ನೆಡುವಾಗ ಒಂದು ಭಾಗವನ್ನಾದರೂ ಗಿಡ್ಡ ಜಾತಿಗೆ ಮೀಸಲಿಡುವುದು ವಿಹಿತ. ಚಾವಕ್ಕಾಡಿನ ಕೇಸರಿ ಗಿಡ್ಡವು ಮೂರು ನಾಲ್ಕು ವರ್ಷಕ್ಕೇ ಫಲ ಕೊಡಲಾರಂಭಿಸುವುದು. ಅನೇಕ ವರ್ಷಗಳವರೆಗೆ ನೆಲದಿಂದಲೇ ಎಳನೀರನ್ನು ಕೊಯ್ಯಬಹುದು. ಅದರ ಆಯುಷ್ಯವು ಕಡಿಮೆ, ಕೊಬ್ಬರಿಗೆ ಅದು ಒದಗದು. ಆದರೆ ನೆಡುವವನಿಗೆ ಬೇಕಾದುದು ಅರುವತ್ತು ವರ್ಷದ ಮರವಲ್ಲ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಲಿಕ ಗುರುತು ದೊರೆತಿದೆ. ಕಸಿ ಗಿಡವು ನಾಲ್ಕೈದು ವರ್ಷಗಳಲ್ಲಿ ಕಾಯಿ ಬಿಡುವುದಾದರೂ ಹಣ್ಣು ಬಹುದಿನ ನಿಲ್ಲದು. ಬೇಗನೆ ಮಾರುವ ಕೈಗಳು ಮನೆಯಲ್ಲಿ ಇಲ್ಲದಿದ್ದರೆ ಗುರುತಿನಿಂದ ಮಾತ್ರ ಲಾಭವಾಗದು.

ನಗದು ಮಾಸಾಶನದ ಯೋಜನೆಗಳಲ್ಲಿ 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಮಾನಧನ ಯೋಜನೆಯು ಎರಡು ಹೆಕ್ಟೇರಿನವರೆಗೆ ಭೂಮಿಯುಳ್ಳವರಿಗೆ ಉದ್ದೇಶಿಸಿದುದು. 18ರಿಂದ 40ರ ಪ್ರಾಯದವರು ಸೇರಬಹುದು. ಪ್ರಾಯಕ್ಕನುಸಾರ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಅಷ್ಟನ್ನೇ ಕೇಂದ್ರ ಸರಕಾರವು ಸೇರಿಸುವುದು. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಬರುವುದು. ಹೆಂಡತಿಯು ಬೇರೆಯಾಗಿ ಕಟ್ಟಿ ಬೇರೆಯಾಗಿ ಪಡೆಯಬಹುದು. 40ರಲ್ಲಿ ಸೇರಿದವನು ಇಪ್ಪತ್ತು ವರ್ಷಗಳಲ್ಲಿ ಕೈಯಿಂದ ಕಟ್ಟುವುದು 48,000 ರೂಪಾಯಿ. ಹದಿನಾರು ತಿಂಗಳ ಮಾಸಾಶನದಲ್ಲಿ ಅದು ಹಿಂದಿರುಗುವುದು. ಇಷ್ಟು ಲಾಭದ ಬೇಸಾಯವು ಬೇರೆ ಯಾವುದೂ ಇಲ್ಲವೆನ್ನಬಹುದು. ಆದರೆ 2019ರಲ್ಲಿ 41 ಆಗಿದ್ದವನಿಗೆ ಈ ಬಾಗಿಲು ಎಂದೂ ತೆರೆಯಲಿಲ್ಲ. ಹುಟ್ಟಿದ ವರ್ಷವನ್ನು ಯಾರು ತಾನೇ ಆರಿಸಿಕೊಳ್ಳಬಲ್ಲರು? ಮತ್ತೊಂದು ಮಾತು. ಪದಾರ್ಥಗಳ ಬೆಲೆಯು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಇಪ್ಪತ್ತು ವರ್ಷಗಳ ಬಳಿಕ 3,000 ರೂಪಾಯಿಯು ಇಂದಿನ 1,130ಕ್ಕೆ ಸಮನಾಗುವುದು. 18ರಲ್ಲಿ ಸೇರಿದವನಿಗೆ, ಅಂದರೆ ನಾಲ್ವತ್ತೆರಡು ವರ್ಷಗಳ ಬಳಿಕ, ಇಂದಿನ 390ಕ್ಕೆ ಇಳಿಯುವುದು. ಆದ್ದರಿಂದ ತರುಣನು ಇದನ್ನು ಔಷಧದ ಖರ್ಚಿಗೆಂದು ಎಣಿಸಿ, ಅನ್ನಕ್ಕೆ ಭೂಮಿಯನ್ನೂ ಮರವನ್ನೂ ನಂಬತಕ್ಕದ್ದು. ಭೂಮಿಯಿಲ್ಲದ ಕೂಲಿಕಾರರಿಗೂ, ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರಿಗೂ 2015ರ ಅಟಲ್ ಪಿಂಚಣಿ ಯೋಜನೆಯುಂಟು. ತಿಂಗಳಿಗೆ 5,000 ರೂಪಾಯಿಯ ಪಿಂಚಣಿಗೆ 18ರಲ್ಲಿ ಸೇರಿದವರು ತಿಂಗಳಿಗೆ 210, 40ರಲ್ಲಿ ಸೇರಿದವರು 1,454 ರೂಪಾಯಿ ಕಟ್ಟಬೇಕಾಗುವುದು. ಆದಾಯ ತೆರಿಗೆ ಕೊಡುವವರಿಗೆ 2022ರ ಅಕ್ಟೋಬರ್ 1ರಿಂದ ಇದರಲ್ಲಿ ಹೊಸದಾಗಿ ಪ್ರವೇಶವಿಲ್ಲ.

ಮಾನಧನವನ್ನು ಸೇರಲು ಭೂದಾಖಲೆಯಲ್ಲಿ ಹೆಸರಿರಬೇಕು. ಈ ತಾಲೂಕುಗಳಲ್ಲಿ ಎಷ್ಟೋ ಪಹಣಿಗಳು ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇದ್ದು, ಮೊಮ್ಮಕ್ಕಳು ಮುಂಬಯಿ, ಗೋವೆಗಳಲ್ಲಿ ಹಂಚಿಹೋಗಿರುವುದರಿಂದ, ನಿಜವಾಗಿ ಗದ್ದೆ ಮಾಡುವವನು ದಾಖಲೆಯಲ್ಲಿ ಯಾರೂ ಅಲ್ಲದವನಾಗಿರುವನು. ಮಾಸಾಶನ, ಬೆಳೆಸಾಲ, ಭೂಸ್ವಾಧೀನದ ಪರಿಹಾರ, ಈ ಮೂರಕ್ಕೂ ಇದೇ ಅಡ್ಡಿ. ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೆಯ ಕಲಮು ಹೇಳುತ್ತದೆ. ತಡವಾಗಿರುವವರು ಮರಣದ ದಾಖಲೆ, ವಂಶವೃಕ್ಷ ಮತ್ತು ಪಹಣಿಯ ಪ್ರತಿಯೊಡನೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡತಕ್ಕದ್ದು. ಪರಸ್ಥಳದಲ್ಲಿರುವ ಸೋದರರು ಗಣೇಶನ ಹಬ್ಬಕ್ಕೆ ಊರಿಗೆ ಬರುವುದು ಈ ಕಡೆಯ ರೂಢಿಯಾದುದರಿಂದ, ಎಲ್ಲರ ಸಹಿಗಳಿಗೆ ಆ ವಾರವೇ ತಕ್ಕುದು.