ಕೊಳೆ ಎಲ್ಲಿಗೆ ಹೋಯಿತು?

ಮನೆ ತೊಳೆದವರೆಲ್ಲರೂ ‘ಕೊಳೆ ಹೋಯಿತು’ ಎನ್ನುತ್ತಾರೆ. ಎಲ್ಲಿಗೆ ಹೋಯಿತು ಎಂದು ಕೇಳುವವರು ವಿರಳ. ನೆಲ ಹೊಳೆದು, ಪಾತ್ರೆ ಥಳಥಳಿಸಿ, ಕೊನೆಯ ಚೊಂಬು ನೀರು ಬಚ್ಚಲಿನ ತೂತಿನೊಳಗೆ ಗುಳುಗುಳು ಸದ್ದು ಮಾಡುತ್ತ ಇಳಿಯಿತೆಂದರೆ ನಮ್ಮ ಪಾಲಿಗೆ ಕತೆ ಮುಗಿದಂತೆಯೇ. ಆದರೆ ಕೊಳೆಗೆ ಅಷ್ಟು ಸುಲಭವಾಗಿ ನಾಶವೆಂಬುದಿಲ್ಲ. ಬಹುಮಟ್ಟಿಗೆ ಅದು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಹೋಗುತ್ತದೆ. ಅದನ್ನು ಸಾಗಿಸಿದ ಮಾರ್ಜಕವೂ ಆಸಿಡ್ಡೂ ಜೊತೆಯಲ್ಲಿಯೇ ಪಯಣಿಸುತ್ತವೆ. ‘ಪರಿಸರಸ್ನೇಹಿ ಶುಚೀಕರಣ’ವೆಂಬ ಹೊಸ ಉದ್ಯಮವೊಂದು ಈಗ ನಮ್ಮ ಊರುಗಳಲ್ಲಿ ತಲೆಯೆತ್ತುತ್ತಿದೆ. ಅದರ ಬೆಲೆಯನ್ನು ಅಳೆಯಬೇಕಾದರೆ ಈ ಪಯಣವನ್ನು ತುಸು ಹಿಂಬಾಲಿಸಬೇಕು.

ಪಯಣದ ಕೊನೆಯನ್ನು ಬೆಂಗಳೂರಿನವರು ಕಣ್ಣಾರೆ ಕಂಡಿದ್ದಾರೆ. 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಕೋಡಿಯನ್ನು ದಾಟಿ ಹತ್ತಿಯ ಮೂಟೆಗಳಂತೆ ರಸ್ತೆಗೆ ಹಾರಿತು. ಅದೇ ವರ್ಷ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. 2017ರಲ್ಲಿಯೂ 2018ರಲ್ಲಿಯೂ ಮತ್ತೆ ಹೊತ್ತಿಕೊಂಡಿತು. ಇಷ್ಟಕ್ಕೂ ಮನೆಯ ಸಾಬೂನೊಂದೇ ಕಾರಣವಲ್ಲ. ಸಂಸ್ಕರಿಸದ ಕೊಳಚೆಯೆಲ್ಲವೂ ಕೆರೆಗೆ ಇಳಿದುದರ ಫಲವದು. ಆದರೆ ನೊರೆಯಲ್ಲಿ ನಮ್ಮ ಬಚ್ಚಲಿನ ಪಾಲು ದೊಡ್ಡದು. ಮಾರ್ಜಕದ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ತುದಿ ಜಿಡ್ಡಿಗೆ ಒಲಿಯುತ್ತದೆ. ತಟ್ಟೆಯ ಜಿಡ್ಡನ್ನು ನೀರಿನೊಡನೆ ಕಳುಹಿಸಿಕೊಡುವ ಆ ಗುಣವೇ ಕೆರೆಯಲ್ಲಿ ಗಾಳಿಯನ್ನು ಸೆರೆಹಿಡಿದು ನೊರೆಯಾಗುತ್ತದೆ. ಬಟ್ಟೆಯ ಪುಡಿಯಲ್ಲಿ ಫಾಸ್ಫೇಟಿದ್ದರೆ ಅದು ಜಲಕಳೆಗೆ ಗೊಬ್ಬರ; ಕಳೆ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ.

ಇದು ನಮಗೊಬ್ಬರಿಗೇ ಬಂದ ಕಷ್ಟವೂ ಅಲ್ಲ. 1950ರ ದಶಕದಲ್ಲಿ ಹೊಸ ಮಾರ್ಜಕಗಳು ಬಳಕೆಗೆ ಬಂದಾಗ ಯೂರೋಪು, ಅಮೆರಿಕಗಳ ನದಿಗಳೂ ಹೀಗೆಯೇ ನೊರೆಗಟ್ಟಿದವು. ಆ ಮಾರ್ಜಕಗಳ ಅಣು ಕವಲೊಡೆದ ಕೊಂಬೆಯಂತಿದ್ದು, ಸೂಕ್ಷ್ಮಜೀವಿಗಳಿಗೆ ಅದನ್ನು ಕಡಿದು ಅರಗಿಸಿಕೊಳ್ಳುವುದು ಕಷ್ಟವಾಗಿತ್ತು. 1961ರಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿತು. 1965ರ ವೇಳೆಗೆ ಅಮೆರಿಕದ ತಯಾರಕರು ನೇರ ಸರಪಳಿಯ ಅಣುವಿಗೆ ಬದಲಾದರು. ನದಿಗಳ ಆ ನೊರೆ ಬಹುಪಾಲು ತಗ್ಗಿತು. ತೊಳೆಯುವವನು ತನ್ನ ಸಾಮಗ್ರಿಯನ್ನು ಬದಲಾಯಿಸಿಕೊಂಡರೆ ಹೊಳೆಗೆ ಅದು ತಿಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಈ ವಿಷಯದ ಕಡೆಗೆ ನನ್ನನ್ನು ಎಳೆದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಅವಳ ತಾಯಿ ಇಪ್ಪತ್ತು ವರ್ಷ ಕಂಡವರ ಮನೆಗಳ ಪಾತ್ರೆ ತಿಕ್ಕಿ, ಬಚ್ಚಲು ತೊಳೆದು ಮಗಳನ್ನು ಓದಿಸಿದವರು. ಆಸಿಡ್ಡಿನಿಂದ ಆ ತಾಯಿಯ ಬೆರಳ ತುದಿಗಳು ಒಡೆದು, ಅನ್ನ ಕಲಸಿದರೆ ಉರಿಯುತ್ತಿದ್ದುವಂತೆ. “ಸರ್, ಅಮ್ಮನೂ ಸೇರಿ ನಮ್ಮ ಬೀದಿಯ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಮನೆ ಶುಚಿಮಾಡುವ ಕೆಲಸ ಹಿಡಿಯುತ್ತೇನೆ. ಆಸಿಡ್ ಮುಟ್ಟುವುದಿಲ್ಲ. ಒಂದು ಒಳ್ಳೆಯ ಕನ್ನಡ ಹೆಸರು ಹೇಳಿ” ಎಂದು ಕೇಳಿದಳು. ಹೆಸರಿನ ಮಾತು ಆಮೇಲಾಗಲಿ, ಬಕೆಟಿನೊಳಗೆ ಏನು ಹಾಕುತ್ತೀಯಮ್ಮ ಎಂದೆ. ಅವಳು ಹೇಳಿದುದು ನಮ್ಮ ಅಜ್ಜಿಯರ ಪಟ್ಟಿಯೇ: ಅಂಟುವಾಳ, ಸೀಗೆ, ಹುಣಸೆಹಣ್ಣು, ಬೂದಿ, ನಿಂಬೆಯ ಸಿಪ್ಪೆ, ತೆಂಗಿನ ನಾರು.

ಪಟ್ಟಿ ಚೆನ್ನಾಗಿದೆ, ಆದರೆ ನಿಸರ್ಗದಿಂದ ಬಂದುದೆಲ್ಲವೂ ನಿರಪಾಯಕರವೆಂದು ತಿಳಿಯಬಾರದು. ಅಂಟುವಾಳವನ್ನೇ ನೋಡಿ. ಸಸ್ಯಶಾಸ್ತ್ರಜ್ಞರು ಅದರ ಕುಲಕ್ಕೆ ಇಟ್ಟಿರುವ ‘ಸಪಿಂಡಸ್’ ಎಂಬ ಹೆಸರಿಗೆ ಭಾರತದ ಸಾಬೂನು ಎಂದೇ ಅರ್ಥ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ವಸ್ತು ಜಿಡ್ಡು ಬಿಡಿಸುತ್ತದೆ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿಯೂ ಸಾಬೂನಿನಂತೆ ಗಸಿ ಕಟ್ಟುವುದಿಲ್ಲ, ಮಣ್ಣಿನಲ್ಲಿ ಬೇಗನೆ ಕರಗಿಹೋಗುತ್ತದೆ. ಆದರೆ ಆ ಸಪೋನಿನ್ ಮೀನಿಗೆ ವಿಷ. ಇಂತಹ ಕಾಯಿಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಅನೇಕ ಕಡೆ ಇತ್ತು. ನಿಂಬೆ, ಮೋಸಂಬಿ ಸಿಪ್ಪೆಯ ಕಷಾಯದ ಮಾತೂ ಹಾಗೆಯೇ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ಕಲಸಿ, ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲವನ್ನು ಬಿಡುತ್ತ, ಮೂರು ತಿಂಗಳು ಹುದುಗಿಸಿದರೆ ಒಳ್ಳೆಯ ಹುಳಿದ್ರಾವಣ ಸಿದ್ಧ. ಬಚ್ಚಲಿಗೆ ಅದು ಹಿತ. ಅಮೃತಶಿಲೆ, ಕಡಪ, ಶಹಾಬಾದು ಕಲ್ಲಿನ ನೆಲಕ್ಕೆ ಅಹಿತ. ಅವು ಸುಣ್ಣದ ಅಂಶವುಳ್ಳ ಕಲ್ಲುಗಳಾದುದರಿಂದ ಹುಳಿ ತಾಗಿದರೆ ಹೊಳಪು ಹೋಗುತ್ತದೆ. ವಿನೆಗರನ್ನೂ ಸೋಡಾಪುಡಿಯನ್ನೂ ಒಟ್ಟಿಗೆ ಕಲಸಿ ಬುರುಗು ಬಂದಿತೆಂದು ಹಿಗ್ಗುವವರುಂಟು. ಬುರುಗು ಇಳಿದ ಮೇಲೆ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಬಹುಪಾಲು ಉಪ್ಪುನೀರಿನಂತಹ ನೀರು. ಇನ್ನು ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿದರಂತೂ ಹೊರಡುವುದು ಕ್ಲೋರಿನ್ ಅನಿಲ. ಕೆಲಸಕ್ಕೆ ಹೋಗುವ ಹೆಂಗಸರು ಇದನ್ನೆಲ್ಲ ಬಾಯಿಪಾಠ ಮಾಡಿರಬೇಕು.

ಅಂಟುವಾಳದ ನೀರಿಗೆ ಇನ್ನೊಂದು ದೋಷ: ಅದು ನಾಲ್ಕಾರು ದಿನಗಳಲ್ಲಿ ಹಳಸುತ್ತದೆ. ಬಾಟಲಿಯಲ್ಲಿ ತುಂಬಿ ಮಾರುವವನಿಗೆ ಇದು ತಲೆನೋವು. ಬೆಳಿಗ್ಗೆ ಕುದಿಸಿ ಮಧ್ಯಾಹ್ನದೊಳಗೆ ಬಳಸಿ ಮುಗಿಸುವವಳಿಗೆ ದೋಷವೇ ಅಲ್ಲ. ಆದುದರಿಂದ ಕಡಿಮೆ ಬಂಡವಾಳದವರು ಸರಕು ಮಾರುವ ಬದಲು ಸೇವೆ ಮಾರುವುದು ಮೇಲು. ಮೊದಲು ಒಂದೇ ಬೀದಿ, ಹತ್ತು ಮನೆ. ಬಟ್ಟೆ, ಪೊರಕೆ, ಬ್ರಷ್ಷು, ಕೈಗವಸು, ಎರಡು ಬಕೆಟು. ಒಂದು ಮನೆಯ ಬಚ್ಚಲಿನ ಬಟ್ಟೆ ಇನ್ನೊಂದು ಮನೆಯ ಅಡುಗೆಮನೆಗೆ ಹೋಗದಂತೆ ಬಣ್ಣದ ಗುರುತು. ಇಷ್ಟರಿಂದ ಆರಂಭವಾಗಬಹುದು.

ಕಷ್ಟವೆಲ್ಲ ದುಡ್ಡಿನ ಲೆಕ್ಕದಲ್ಲಿದೆ. ‘ಕಾಯಿಯ ನೀರಿಗೆ ಇಷ್ಟು ಹಣವೇ?’ ಎಂದು ಕೇಳಿದ ಗೃಹಿಣಿಯೊಬ್ಬರ ಮಾತನ್ನು ಆ ಹುಡುಗಿ ನನಗೆ ತಿಳಿಸಿದಳು. ಪ್ರಶ್ನೆ ಸಹಜವೇ. ಆಸಿಡ್ಡು ಐದು ನಿಮಿಷದಲ್ಲಿ ಕೀಳುವ ಕರೆಯನ್ನು ಹುಳಿನೀರು ಹಚ್ಚಿ, ನೆನೆಯಬಿಟ್ಟು, ಬ್ರಷ್ಷಿನಿಂದ ಉಜ್ಜಿ ತೆಗೆಯಲು ಅರ್ಧ ಗಂಟೆ ಬೇಕು. ರಾಸಾಯನಿಕವನ್ನು ಕೈಬಿಟ್ಟಾಗ ಅದರ ಜಾಗಕ್ಕೆ ಬರುವುದು ರಟ್ಟೆಯ ಶ್ರಮ. ಆ ಅರ್ಧ ಗಂಟೆಗೆ ಕೂಲಿ ಸಲ್ಲದಿದ್ದರೆ, ಕೆರೆಯ ಮೇಲಿದ್ದ ಭಾರವನ್ನು ಇಳಿಸಿ ಬಡ ಹೆಂಗಸಿನ ಭುಜದ ಮೇಲೆ ಹೊರಿಸಿದಂತಾಯಿತು. ಕೆರೆ ತಿಳಿಯಾಗಿ ಕೆಲಸದವಳ ಬೆನ್ನು ಬಾಗುವುದಾದರೆ ಆ ಉದ್ಯಮ ಯಾರಿಗೆ ಸ್ನೇಹಿ? ಅವಳ ಲೆಕ್ಕದ ಪುಸ್ತಕದಲ್ಲಿ ಅತ್ಯಂತ ದೊಡ್ಡ ಖರ್ಚು ಕೂಲಿಯದೇ ಆಗಿರುವುದನ್ನು ಕಂಡು ನನಗೆ ಸಮಾಧಾನವಾಯಿತು.

ಇನ್ನು ಹೆಸರು. ಮೊದಲು ನಾಲಗೆಗೆ ಬಂದುದು ‘ಮಡಿ’ ಎಂಬ ಪದ. ಎರಡಕ್ಷರದ ಚೊಕ್ಕ ಮಾತು. ಒಗೆದ ಬಟ್ಟೆಯ ಗರಿಮೆ ಅದರಲ್ಲಿದೆ. ಆದರೆ ‘ಮುಟ್ಟಬೇಡ, ದೂರ ನಿಲ್ಲು’ ಎಂಬ ಧ್ವನಿಯೂ ಅದರಲ್ಲಿಯೇ ಇದೆ. ಮಡಿ ಮಾಡಿಕೊಡುವವರನ್ನೇ ಮಡಿಯ ಹೊರಗೆ ನಿಲ್ಲಿಸಿದ ಸಮಾಜ ನಮ್ಮದು. 12ನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಿದೇವರು ವಚನಕಾರರ ಸಾಲಿನಲ್ಲಿ ನಿಂತರು. ಆದರೂ ಕಾಯಕದ ಗೌರವ ಸಾಹಿತ್ಯದ ಪಾಠದಲ್ಲಿ ಉಳಿದಷ್ಟು ಹಿತ್ತಲ ಬಾಗಿಲಿನಲ್ಲಿ ಉಳಿಯಲಿಲ್ಲ. ಇದನ್ನು ಅವಳಿಗೆ ವಿವರಿಸಿದೆ. ಅವಳು ನಕ್ಕು, ಸದ್ಯಕ್ಕೆ ಹೆಸರೇ ಬೇಡವೆಂದು, ಯಾವ ಬಚ್ಚಲಿಗೆ ಏನು ಬಳಸುತ್ತೇವೆ ಎಂಬುದನ್ನಷ್ಟೇ ಚೀಟಿಯಲ್ಲಿ ಬರೆದು ಮನೆಮನೆಗೆ ಕೊಡಲಾರಂಭಿಸಿದಳು. ನನಗೆ ಅದು ಯಾವ ಹೆಸರಿಗಿಂತಲೂ ಒಳ್ಳೆಯದೆನಿಸಿತು.

ಏಕೆಂದರೆ ‘ಪರಿಸರಸ್ನೇಹಿ’ ಎಂಬ ಪದವೂ ಈಚೆಗೆ ಸವಕಲು ನಾಣ್ಯವಾಗುತ್ತಿದೆ; ಹಸಿರು ಬಣ್ಣದ ಬಾಟಲಿಯ ಮೇಲೆಲ್ಲ ಅದೇ ಮುದ್ರೆ. 1991ರಲ್ಲಿ ಕೇಂದ್ರ ಸರ್ಕಾರ ‘ಇಕೋಮಾರ್ಕ್’ ಯೋಜನೆಯನ್ನು ತಂದು, ಮಣ್ಣಿನ ಮಡಕೆಯನ್ನು ಅದರ ಚಿಹ್ನೆಯಾಗಿಸಿತ್ತು. 2024ರಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಗಳು ಬಂದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಆಧಾರವಿಲ್ಲದೆ ಇಂತಹ ಮಾತುಗಳನ್ನು ಜಾಹೀರಾತಿನಲ್ಲಿ ಬಳಸಬಾರದೆಂದು ಮಾರ್ಗಸೂಚಿ ಹೊರಡಿಸಿತು. ಪದಕ್ಕೆ ಅರ್ಥ ಜೊತೆಗಿರಬೇಕೆಂದು ವ್ಯಾಕರಣದ ತರಗತಿಯಲ್ಲಿ ನಾವು ಹೇಳುತ್ತ ಬಂದುದನ್ನು ಕಾನೂನು ಈಗ ಅಂಗಡಿಯಲ್ಲಿ ಹೇಳುತ್ತಿದೆ.

ಇಂತಹ ಉದ್ಯಮಕ್ಕೆ ಇಳಿಯುವ ತರುಣ ತರುಣಿಯರು ನಮ್ಮ ಕಾಲೇಜುಗಳಿಂದ ಇನ್ನೂ ಬರಲಿ. ಅವರಿಗೆ ಪರೀಕ್ಷೆ ಎರಡೇ ಕಡೆ ನಡೆಯುತ್ತದೆ: ಚರಂಡಿ ಕೂಡುವ ಕೆರೆಯಲ್ಲಿ ಒಂದು, ಉಜ್ಜಿದವಳ ಅಂಗೈಯಲ್ಲಿ ಇನ್ನೊಂದು. ಮನೆಯ ನೆಲ ಹೊಳೆಯುವುದು ಆಮೇಲಿನ ಮಾತು. ಅವರನ್ನು ಕೆಲಸಕ್ಕೆ ಕರೆಯುವ ನಾವು ಚೌಕಾಸಿ ಮಾಡುವ ಮೊದಲು ಈ ಎರಡನ್ನೂ ನೆನೆದರೆ ಸಾಕು.