ಮನೆಯೊಳಗೊಂದು ಪುಟ್ಟ ಕಡಲು: ಕೈಯಲ್ಲಿರುವ ಹಣಕ್ಕೆ ಸಾಧ್ಯವೆ?

1846ರ ಮಾತು. ಇಂಗ್ಲೆಂಡಿನ ಟಾರ್ಕೀ ಕಡಲತೀರಕ್ಕೆ ಹೋಗಿದ್ದ ಆ್ಯನಾ ಥಿನ್ ಎಂಬ ಮಹಿಳೆ ಅಲ್ಲಿನ ಬಂಡೆಗಳಲ್ಲಿದ್ದ ಕೆಲವು ಹವಳದ ಜೀವಿಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ಆಗ ವಿದ್ಯುತ್ತೂ ಇಲ್ಲ, ಪಂಪೂ ಇಲ್ಲ. ನೀರಿಗೆ ಗಾಳಿ ಬೆರೆಯಲೆಂದು ಅವರ ಮನೆಗೆಲಸದಾಕೆ ದಿನವೂ ತೆರೆದ ಕಿಟಕಿಯ ಬಳಿ ನಿಂತು, ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಮರುವರ್ಷ ತೊಟ್ಟಿಗೆ ಕಡಲ ಸಸ್ಯಗಳೂ ಸೇರಿದವು. ಆ ಜೀವಿಗಳು ಸುಮಾರು ಮೂರು ವರ್ಷ ಬದುಕಿದವು. ಮನೆಯೊಳಗೆ ಕಡಲನ್ನು ಉಳಿಸಿಕೊಂಡ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಇಂದು ಆ ಕೆಲಸವನ್ನು ಅಂಗೈಯಗಲದ ಪಂಪು ಮಾಡುತ್ತದೆ. 2003ರಲ್ಲಿ ‘ಫೈಂಡಿಂಗ್ ನೀಮೋ’ ಚಲನಚಿತ್ರ ಬಂದ ಮೇಲಂತೂ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಕಂಡು ಆಸೆಪಡದ ಮಕ್ಕಳು ಕಡಿಮೆ. ‘ನಮ್ಮ ಮನೆಗೂ ಒಂದು ಬೇಕು’ ಎಂದು ಮಗ ಅಥವಾ ಮಗಳು ಹಟ ಹಿಡಿದಾಗ ತಂದೆ ಕೇಳುವ ಮೊದಲ ಪ್ರಶ್ನೆ, ‘ತೊಟ್ಟಿಗೆ ಎಷ್ಟಾಗುತ್ತದೆ?’ ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ‘ತಿಂಗಳಿಗೆ ಎಷ್ಟಾಗುತ್ತದೆ? ಕಾನೂನು ಏನು ಹೇಳುತ್ತದೆ? ಹತ್ತು ವರ್ಷ ನೋಡಿಕೊಳ್ಳುವವರು ಯಾರು?’

ಮೊದಲು ಕಾನೂನು

ವಿದೇಶಿ ಪುಸ್ತಕಗಳಲ್ಲಿ ಕಾಣುವ ಹವಳ ತುಂಬಿದ ತೊಟ್ಟಿಯನ್ನು ನಮ್ಮಲ್ಲಿ ಹಾಗೆಯೇ ನಕಲು ಮಾಡುವಂತಿಲ್ಲ. ಹವಳ ಕಲ್ಲಲ್ಲ, ಗಿಡವಲ್ಲ, ಅದು ಪ್ರಾಣಿ. ದಿಬ್ಬ ಕಟ್ಟುವ ಹವಳಗಳು, ಸಮುದ್ರ ಬೀಸಣಿಗೆಗಳು ಮತ್ತು ಕಡಲ್ಗುದುರೆಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ರ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿರುವುದೂ ಇದೇ ಪಟ್ಟಿಯಲ್ಲಿ. ಇವುಗಳನ್ನು ಕಡಲಿನಿಂದ ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಕನಿಷ್ಠ ಮೂರು ವರ್ಷಗಳ ಸೆರೆವಾಸವಿದೆ. ಸತ್ತ ಹವಳದ ಕಲ್ಲಿಗೂ ವಿನಾಯಿತಿ ಇಲ್ಲ. ಅಂಗಡಿಯವರು ‘ಇದು ವಿದೇಶದಿಂದ ಬಂದದ್ದು’ ಎಂದರೆ ಅದಕ್ಕೂ ಕಾಗದಪತ್ರ ಬೇಕು. ಪತ್ರವಿಲ್ಲದ ಹವಳ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು.

ಈ ನಿರ್ಬಂಧಕ್ಕೆ ಕಾರಣವಿದೆ. ಭಾರತದಲ್ಲಿ ದೊಡ್ಡ ಹವಳ ದಿಬ್ಬಗಳಿರುವುದು ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್‌ಗಳಲ್ಲಿ ಮಾತ್ರ. ನಮ್ಮ ಉತ್ತರ ಕನ್ನಡದ ಮುರ್ಡೇಶ್ವರದ ಆಚೆಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ನೀರು ಬಿಸಿಯಾಗಿ ಈ ಹವಳಗಳು ಬಿಳಿಚಿಕೊಂಡು ಸಾಯುತ್ತಿರುವಾಗ, ಉಳಿದದ್ದನ್ನು ಕಿತ್ತು ಗಾಜಿನ ತೊಟ್ಟಿಗೆ ಹಾಕುವುದು ಸರಿಯಲ್ಲ.

ಹಾಗಾದರೆ ಆಸೆ ಬಿಡಬೇಕೆ? ಬೇಕಿಲ್ಲ. ಸುಣ್ಣಕಲ್ಲು ಅಥವಾ ಕೃತಕ ಬಂಡೆಗಳಿಂದ ದಿಬ್ಬದ ಆಕಾರ ಕಟ್ಟಿ, ಅದರಲ್ಲಿ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನುಗಳನ್ನು ಬಿಡಬಹುದು. ಹಣಕಾಸಿನ ಮಿತಿಯಿರುವ ಮನೆಗೆ ಇದೇ ಹೊಂದುವ ದಾರಿ. ಹವಳಕ್ಕೆ ಬೇಕಾಗುವ ದುಬಾರಿ ದೀಪದ ಖರ್ಚೂ ಉಳಿಯುತ್ತದೆ.

ಸಣ್ಣದು ಅಗ್ಗವಲ್ಲ

ಹಣ ಕಡಿಮೆಯೆಂದು ಹೆಚ್ಚಿನವರು ಚಿಕ್ಕ ತೊಟ್ಟಿ ಕೊಳ್ಳುತ್ತಾರೆ. ಇಲ್ಲೇ ಎಡವುವುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. 20 ಲೀಟರ್ ನೀರಿನಲ್ಲಿ 700 ಗ್ರಾಂ. ಒಂದು ಲೀಟರ್ ಆವಿಯಾಯಿತೆನ್ನಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. 700 ಗ್ರಾಂ ಈಗ 19 ಲೀಟರಿನಲ್ಲಿ, ಅಂದರೆ ಲೀಟರಿಗೆ 36.8 ಗ್ರಾಂ. ಅದೇ 80 ಲೀಟರ್ ನೀರಿನಲ್ಲಿ ಒಂದು ಲೀಟರ್ ಆರಿದರೆ ಆಗುವುದು 35.4 ಗ್ರಾಂ ಮಾತ್ರ. ದೊಡ್ಡ ತೊಟ್ಟಿಯ ಬಾಯಿ ಅಗಲವಾದ್ದರಿಂದ ನೀರು ಹೆಚ್ಚು ಆರುತ್ತದೆ, ನಿಜ. ಆದರೂ ಒಟ್ಟು ನೀರಿಗೆ ಹೋಲಿಸಿದರೆ ಅದು ಕಡಿಮೆಯೇ. ಹೆಚ್ಚಾಗಿ ಬಿದ್ದ ಒಂದು ಚಿಟಿಕೆ ಆಹಾರ, ಮಧ್ಯಾಹ್ನದ ಬಿಸಿಲು, ಸತ್ತು ಮೂಲೆ ಸೇರಿದ ಒಂದು ಬಸವನಹುಳು — ಎಲ್ಲಕ್ಕೂ ಇದೇ ಲೆಕ್ಕ. ನೀರು ಹೆಚ್ಚಿದ್ದಷ್ಟೂ ತಪ್ಪನ್ನು ಅದು ತಾಳಿಕೊಳ್ಳುತ್ತದೆ.

60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ತೊಟ್ಟಿಯ ಒಟ್ಟು ಗಾತ್ರ 96 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 80 ಲೀಟರ್ ನೀರು ಹಿಡಿಯುತ್ತದೆ. ಮೊದಲ ತೊಟ್ಟಿಗೆ ಇದು ಒಳ್ಳೆಯ ಅಳತೆ. ಕಲ್ಲು, ಗಾಜು ಸೇರಿ ತೂಕ 100 ಕಿಲೋ ದಾಟುವುದರಿಂದ ಹಗುರ ಮೇಜಿನ ಮೇಲೆ ಇಡಬಾರದು. ಕಬ್ಬಿಣದ ಸ್ಟ್ಯಾಂಡು ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಗೋಡೆಗಂಟಿಸಿದ ಗಟ್ಟಿ ಕಡಪ ಕಲ್ಲಿನ ಕಟ್ಟೆ ಉತ್ತಮ.

ಹಳೆಯ ತೊಟ್ಟಿ ಸಿಕ್ಕರೆ ಕೊಳ್ಳಬಹುದು. ಸಿಹಿನೀರಿನ ಗಾಜೇ ಉಪ್ಪುನೀರಿಗೂ ಆಗುತ್ತದೆ. ಒಂದು ವಾರ ನೀರು ತುಂಬಿಸಿಟ್ಟು ಅಂಟು ಸೋರುತ್ತದೆಯೇ ನೋಡಬೇಕು. ಹಿಂದಿನ ಮಾಲೀಕರು ತಾಮ್ರದ ಔಷಧ ಬಳಸಿದ್ದರೇ ಎಂದು ಕೇಳಬೇಕು. ಮೀನಿನ ರೋಗಕ್ಕೆ ಹಾಕುವ ಈ ತಾಮ್ರ ಸೀಗಡಿ, ಬಸವನಹುಳುಗಳಿಗೆ ವಿಷ.

ತಿಂಗಳ ಲೆಕ್ಕ

ಅಡಿಗೆ ಉಪ್ಪು ಕಲಸಿದರೆ ಸಮುದ್ರದ ನೀರಾಗುವುದಿಲ್ಲ. ಅದರಲ್ಲಿರುವುದು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟುಗಳೂ ಇವೆ. ಆದ್ದರಿಂದ ಅಕ್ವೇರಿಯಂಗೆಂದೇ ಮಾಡಿದ ಸಮುದ್ರ ಲವಣ ಬೇಕು. ಮೊದಲ ಸಲಕ್ಕೆ ಸುಮಾರು 3 ಕಿಲೋ. ವಾರಕ್ಕೆ ಹತ್ತನೇ ಒಂದು ಪಾಲು, ಎಂದರೆ 8 ಲೀಟರ್ ನೀರು ಬದಲಿಸಿದರೆ ಸುಮಾರು 300 ಗ್ರಾಂ. ವರ್ಷಕ್ಕೆ 15 ಕಿಲೋ. ಅಂಗಡಿಯಲ್ಲಿ ಕಿಲೋ ದರ ಕೇಳಿ ಗುಣಿಸಿದರೆ ವರ್ಷದ ಖರ್ಚು ತಿಳಿಯುತ್ತದೆ. ಆವಿಯಾದ ನೀರಿಗೆ ಬದಲಾಗಿ ದಿನವೂ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ.

ನಲ್ಲಿಯ ನೀರಿನಲ್ಲಿ ಕ್ಲೋರಿನ್, ಕೊಳವೆಬಾವಿ ನೀರಿನಲ್ಲಿ ನೈಟ್ರೇಟ್ ಮತ್ತು ಗಡಸುತನ ಇರಬಹುದು. ನಮ್ಮ ಊರುಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಕೆಲವೇ ರೂಪಾಯಿಗೆ ಸಿಗುವ ಆರ್.ಓ. ನೀರು ಇಲ್ಲಿ ನೆರವಿಗೆ ಬರುತ್ತದೆ. ಟಿ.ಡಿ.ಎಸ್. ಮೀಟರಿನಿಂದ ಅಳೆದು, ಅಂಕಿ ಕಡಿಮೆಯಿದ್ದರೆ ಮಾತ್ರ ಬಳಸಬೇಕು.

ವಿದ್ಯುತ್ತಿನ ಲೆಕ್ಕ ಸುಲಭ. 10 ವ್ಯಾಟ್ ಪಂಪು 24 ಗಂಟೆ, 30 ವ್ಯಾಟ್ ದೀಪ 8 ಗಂಟೆ ಉರಿದರೆ ದಿನಕ್ಕೆ 0.48 ಯೂನಿಟ್, ತಿಂಗಳಿಗೆ ಸುಮಾರು 14 ಯೂನಿಟ್. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಂಗಳೂರು, ಕಾರವಾರಗಳ ಸೆಕೆಯಲ್ಲಿ ಇದನ್ನು ಕಾಯುವುದು ಕಷ್ಟ. ನೀರನ್ನು ತಂಪುಮಾಡುವ ಯಂತ್ರ ದುಬಾರಿ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಪುಟ್ಟ ಫ್ಯಾನು ಒಂದೆರಡು ಡಿಗ್ರಿ ಇಳಿಸಬಲ್ಲದು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ವದಿಂದ.

ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದರಷ್ಟು ಕಡಿಮೆ ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ. ಕರೆಂಟು ಹೋದರೆ ಮೀನುಗಳು ಬೇಗ ಏದುಸಿರುಬಿಡುವುದು ಅದಕ್ಕೇ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಇಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬಾರದು.

ಖಾಲಿ ತೊಟ್ಟಿಯ ಪಾಠ

ತೊಟ್ಟಿ ತಂದ ದಿನವೇ ಮೀನು ಬಿಟ್ಟರೆ ಅದು ಸಾಯುವ ಸಂಭವವೇ ಹೆಚ್ಚು. ಮೀನಿನ ವಿಸರ್ಜನೆಯಿಂದ ಅಮೋನಿಯ ಹುಟ್ಟುತ್ತದೆ. ಕಡಲ ನೀರು ಸ್ವಲ್ಪ ಕ್ಷಾರೀಯವಾಗಿರುವುದರಿಂದ ಅಲ್ಲಿ ಅಮೋನಿಯದ ವಿಷ ಇನ್ನೂ ತೀವ್ರ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಇವು ಕಲ್ಲು, ಮರಳುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಗೆ ಆಗಾಗ ಚಿಟಿಕೆ ಆಹಾರ ಹಾಕುತ್ತ ಕಾಯಬೇಕು.

ಈ ಕಾಯುವಿಕೆ ವಿದ್ಯಾರ್ಥಿಗೆ ವ್ಯರ್ಥವಲ್ಲ. ಪರೀಕ್ಷಾ ಕಿಟ್ಟಿನಿಂದ ಎರಡು ದಿನಕ್ಕೊಮ್ಮೆ ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ, ಒಂದು ರೇಖೆ ಏರಿ ಇಳಿಯುವುದು, ಅದರ ಹಿಂದೆಯೇ ಎರಡನೆಯದು ಏರಿ ಇಳಿಯುವುದು, ಮೂರನೆಯದು ಮೆಲ್ಲನೆ ಮೇಲೇರುವುದು ಕಾಣುತ್ತದೆ. ಪುಸ್ತಕದಲ್ಲಿ ಬಾಣದ ಗುರುತುಗಳಾಗಿ ಬಾಯಿಪಾಠ ಮಾಡಿದ ಸಾರಜನಕದ ಚಕ್ರ ಕಣ್ಣೆದುರೇ ತಿರುಗುತ್ತದೆ. ಮೊದಲ ಎರಡು ರೇಖೆಗಳು ಸೊನ್ನೆಗೆ ಇಳಿದು ಅಲ್ಲೇ ನಿಂತ ಮೇಲೆ ಮೀನಿನ ಅಂಗಡಿಗೆ ಹೋಗಬಹುದು.

ಯಾವ ಮೀನು?

ಒಂದು ಜೊತೆ ಕ್ಲೌನ್ ಮೀನು ಸಾಕು. ಇವುಗಳನ್ನು ಸಾಕಣೆಯಲ್ಲಿ ಮರಿ ಮಾಡಿಸುವ ತಂತ್ರವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಹಾಗೆ ಹುಟ್ಟಿದ ಮರಿಗಳನ್ನೇ ಕೇಳಿ ಪಡೆಯಬೇಕು. ಅವು ತೊಟ್ಟಿಯ ಆಹಾರಕ್ಕೆ ಒಗ್ಗಿರುತ್ತವೆ. ಕೆಲವು ದೇಶಗಳಲ್ಲಿ ಹಿಡಿಯುವವರು ಸಯನೈಡ್ ಸಿಂಪಡಿಸಿ ಮೀನನ್ನು ಮಂಕುಗೊಳಿಸುತ್ತಾರೆ; ಅದರಿಂದ ಹವಳಗಳೂ ಸಾಯುತ್ತವೆ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡೇ. ಜೊತೆಯಲ್ಲಿ ದೊಡ್ಡದು ಹೆಣ್ಣಾಗಿ ಮಾರ್ಪಡುತ್ತದೆ. ತೊಟ್ಟಿಯಲ್ಲಿ ಇವಕ್ಕೆ ಕಡಲ ಹೂವಿನ ಆಸರೆ ಕಡ್ಡಾಯವಲ್ಲ.

ಅದೇ ಚಲನಚಿತ್ರದ ನೀಲಿ ಮೀನು ‘ಡೋರಿ’ ಮಾತ್ರ ಬೇಡ. ಅದು 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ.

ಕೊನೆಯ ಲೆಕ್ಕ

ಚೆನ್ನಾಗಿ ಸಾಕಿದ ಕ್ಲೌನ್ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಎಂಟನೆಯ ತರಗತಿಯಲ್ಲಿ ತಂದ ಮೀನು ಮಗಳು ಪದವಿ ಮುಗಿಸಿದಾಗಲೂ ಇರಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುತ್ತದೆ, ಆಮೇಲೆ ಹಾಸ್ಟೆಲು. ಆಗ ವಾರಕ್ಕೆ ಎಂಟು ಲೀಟರ್ ನೀರು ಬದಲಿಸುವ ಕೈ ತಾಯಿಯದೋ ತಂದೆಯದೋ ಆಗಿರುತ್ತದೆ. ಇದನ್ನು ಕೊಳ್ಳುವ ಮೊದಲೇ ಮನೆಯವರೆಲ್ಲ ಕುಳಿತು ಮಾತಾಡಿಕೊಳ್ಳಬೇಕು.

ಉತ್ತರ ‘ಈಗ ಬೇಡ’ ಎಂದಾದರೆ ಅದರಲ್ಲಿ ಸೋಲೇನಿಲ್ಲ. ಸಿಹಿನೀರಿನ ತೊಟ್ಟಿಯಿಂದ ಆರಂಭಿಸಿದರೂ ಸಾರಜನಕದ ಚಕ್ರ ಅದೇ, ಕಲಿಯುವ ಶಿಸ್ತೂ ಅದೇ. ರಜೆಯಲ್ಲಿ ಉಳ್ಳಾಲದ ಸೋಮೇಶ್ವರಕ್ಕೋ ಕಾಪುವಿಗೋ ಹೋದಾಗ, ಇಳಿತದ ಹೊತ್ತು ತಿಳಿದುಕೊಂಡು, ಹಿರಿಯರ ಜೊತೆ ಬಂಡೆಗಳ ನಡುವಿನ ಹೊಂಡಗಳನ್ನು ನೋಡಬಹುದು. ಏಡಿ, ಬಸವನಹುಳು, ಕಡಲ ಹೂವು, ಪುಟ್ಟ ಮೀನು ಎಲ್ಲವೂ ಅಲ್ಲಿರುತ್ತವೆ. ಉಪ್ಪಿನ ಖರ್ಚಿಲ್ಲ, ಪಂಪಿನ ಖರ್ಚಿಲ್ಲ. ನೋಡಿ, ನೋಟ್‌ಪುಸ್ತಕದಲ್ಲಿ ಚಿತ್ರ ಬರೆದುಕೊಂಡು, ಏನನ್ನೂ ಕೀಳದೆ ಬಂದರಾಯಿತು.