ಕ್ಯಾನ್ಸರ್ ವಂಶದಲ್ಲಿ ಬರುತ್ತದೆಯೇ?

'ಅಮ್ಮನಿಗೆ ಸ್ತನ ಕ್ಯಾನ್ಸರ್ ಇತ್ತು, ನನಗೂ ಬಂದೀತೇ?' ಅನೇಕ ಹೆಣ್ಣುಮಕ್ಕಳ ಮನಸ್ಸಿನಲ್ಲಿರುವ ಪ್ರಶ್ನೆ ಇದು. ಮದುವೆ ಮಾತುಕತೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಎಷ್ಟೋ ಮನೆಗಳಲ್ಲಿ ಅದು ಹೊರಗೆ ಬರುವುದೇ ಇಲ್ಲ.

ಮೊದಲು ಸಮಾಧಾನದ ಮಾತು. ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಸುಮಾರು 5ರಿಂದ 10 ಮಂದಿಗೆ ಮಾತ್ರ ಅದು ಹುಟ್ಟಿನಿಂದ ಬಂದ ವಂಶವಾಹಿಯ (ಜೀನ್) ದೋಷದಿಂದ ಉಂಟಾಗುತ್ತದೆ. ಅವರಿಗೂ ವಂಶದಿಂದ ಬರುವುದು ಕ್ಯಾನ್ಸರ್ ಅಲ್ಲ, ಅದಕ್ಕೆ ದಾರಿ ಮಾಡಿಕೊಡುವ ದೋಷ.

ಇದು ಹೇಗೆ? ತಿತಿಮತಿಯ ಕಾಫಿ ತೋಟವೊಂದಕ್ಕೆ ಆನೆ ಬಾರದಂತೆ ಇಬ್ಬರು ಕಾವಲುಗಾರರಿದ್ದಾರೆ ಎನ್ನಿ. ಒಬ್ಬ ನಿದ್ದೆಹೋದರೂ ಇನ್ನೊಬ್ಬ ಎಚ್ಚರವಿರುತ್ತಾನೆ. ಜೀವಕೋಶದಲ್ಲೂ ಹಾಗೆಯೇ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿ ಜೀನ್‌ಗೆ ಎರಡು ಪ್ರತಿ. ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬ ಜೀನ್‌ಗಳು ಕೋಶದ ಡಿಎನ್‌ಎಗೆ ಆದ ಹಾನಿಯನ್ನು ಸರಿಪಡಿಸುತ್ತವೆ. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿದ್ದರೆ ಕಾವಲಿಗೆ ಉಳಿಯುವವನು ಒಬ್ಬನೇ. ಮುಂದೆ ಯಾವುದೋ ಕೋಶದಲ್ಲಿ ಅದೂ ಕೆಟ್ಟಾಗ ಹಾನಿ ಕೂಡುತ್ತಾ ಹೋಗಿ ಕ್ಯಾನ್ಸರ್ ತಲೆಯೆತ್ತಬಹುದು.

ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ಈ ದೋಷದ ನೆಲೆ 17ನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಬಿಆರ್‌ಸಿಎ-1 ಪತ್ತೆಯಾಯಿತು. ದೋಷವಿರುವ ಮಹಿಳೆಯರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಇಲ್ಲಿ ಕೊಡಗಿನ ಕುಟುಂಬಗಳು ಒಂದು ವಿಷಯ ಗಮನಿಸಬೇಕು. ಒಕ್ಕದ ಲೆಕ್ಕ ಗಂಡಿನ ಕಡೆಯದು. ಮದುವೆಯಾಗಿ ಹೋದ ಹೆಣ್ಣು ಬೇರೆ ಒಕ್ಕಕ್ಕೆ ಸೇರಿದವಳು. ಆದರೆ ಜೀನ್‌ಗೆ ಒಕ್ಕದ ಹಂಗಿಲ್ಲ. ದೋಷವುಳ್ಳವರು ತಂದೆಯಾಗಲಿ ತಾಯಿಯಾಗಲಿ, ಮಗನಿಗಾಗಲಿ ಮಗಳಿಗಾಗಲಿ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಸೋದರತ್ತೆ, ಚಿಕ್ಕಮ್ಮ, ಅಜ್ಜಿ ಎಲ್ಲರ ಕಾಯಿಲೆಯನ್ನೂ ಕೇಳಿ ಬರೆದಿಡಿ. ಯಾವ ವಯಸ್ಸಿನಲ್ಲಿ ಬಂತೆಂಬುದೂ ಮುಖ್ಯ.

ಯಾರು ವೈದ್ಯರನ್ನು ಕಾಣಬೇಕು?

* ಹತ್ತಿರದ ರಕ್ತಸಂಬಂಧಿಗೆ 50ರೊಳಗೆ ಸ್ತನ ಕ್ಯಾನ್ಸರ್ ಬಂದಿದ್ದರೆ
* ಒಂದೇ ಕಡೆಯ ಇಬ್ಬರು ಮೂವರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ
* ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೆ
* ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ

ಪರೀಕ್ಷೆಗೆ ರಕ್ತ ಅಥವಾ ಎಂಜಲು ಸಾಕು. ಸಾಧ್ಯವಾದರೆ ಕಾಯಿಲೆ ಬಂದವರಿಗೇ ಮೊದಲು ಮಾಡಿಸುವುದು ಒಳ್ಳೆಯದು. ಪರೀಕ್ಷೆಗೆ ಮುನ್ನ ತಜ್ಞರೊಂದಿಗೆ ಕುಳಿತು ಮಾತಾಡಿ. ದೋಷ ಕಂಡುಬಂದರೆ 25ರ ಹರೆಯದಿಂದಲೇ ಎಂಆರ್‌ಐ ತಪಾಸಣೆ, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು ಮುಂತಾದ ದಾರಿಗಳಿವೆ. ದೋಷವಿಲ್ಲವೆಂದ ಮಾತ್ರಕ್ಕೆ ಕ್ಯಾನ್ಸರ್ ಬಾರದೆಂದಲ್ಲ. ಸ್ತನದಲ್ಲಿ ಗಂಟು ಕಂಡರೆ ಯಾರೇ ಆಗಲಿ ತಡಮಾಡಬಾರದು.

ಮುಚ್ಚಿಟ್ಟರೆ ದೋಷ ಹೋಗುವುದಿಲ್ಲ. ಮೊದಲೇ ತಿಳಿದ ಮಗಳಿಗೆ ಎಚ್ಚರವಾಗಿರಲು ಕಾಲಾವಕಾಶವಾದರೂ ಸಿಗುತ್ತದೆ.